ಒಂದು ಗೇಣಿನ ಅಂಗಿ

ಮಾರ್ಚ್ 14, ಶುಕ್ರವಾರ

ಇವತ್ತು ತಪಸ್ಸುಕಾಲದ ಉಪವಾಸ, ಈಸ್ಟರಿನ ತನಕ ಪ್ರತಿ ಶುಕ್ರವಾರ. ಬೆಳಿಗ್ಗೆ ಒಂದು ಲೋಟ ಬಿಸಿನೀರು, ಅಷ್ಟೇ. ನೀರು ತುಂಬಿಸಿದೆ, ಒಲೆ ಒರೆಸಿದೆ, ದೊಡ್ಡಮ್ಮನಿಗೆ ಹಾಲು ಕಾಸಿ ಕೊಟ್ಟು ತಲೆ ಬಾಚಿ ಜಡೆ ಹಾಕಿದೆ. ಬೈತಲೆ ಸೊಟ್ಟ ಆಯಿತು ಅಂದರು. ಬಿಚ್ಚಿ ಮತ್ತೆ ಬಾಚಿದೆ. ಕಣ್ಣು ಮಂಜಾಗಿ ಹತ್ತು ವರ್ಷ ಆಯಿತು, ಆದರೂ ದೊಡ್ಡಮ್ಮನ ಬೆರಳಿಗೆ ಎಲ್ಲ ಕಾಣುತ್ತೆ. ನೆಲ ಒರೆಸಿ ಹೊರಟೆ. ಬಾಗಿಲ ಹತ್ತಿರ ಒಂದು ಗೆರೆ ಉಳಿದಿದ್ದು ನೆನಪಾಗಿ ಅರ್ಧ ಬೀದಿಯಿಂದ ವಾಪಸ್ ಬಂದು ಅದನ್ನೂ ಒರೆಸಿದೆ.

ಇದನ್ನೆಲ್ಲ ಬರೆದು ಹೊತ್ತು ತಳ್ಳುತ್ತಿದ್ದೇನೆ. ಬರೆಯಬೇಕಾದ್ದು ಬೇರೆ.

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ನನ್ನದು ಇಪ್ಪತ್ತಾರು ವರ್ಷದ ಕೆಲಸ. ಹರಿದ ಹಾಸುಬಟ್ಟೆಗೆ ತೇಪೆ, ರೋಗಿಗಳ ಅಂಗಿಗೆ ಲಾಡಿ, ದಿಂಬಿಗೆ ಚೀಲ. ಇನ್ನೊಂದು ಕೆಲಸ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉಸಿರಿಲ್ಲದೆ ಹುಟ್ಟುವ ಮಕ್ಕಳಿಗೆ ಅಂಗಿ. ತೊಳೆದು ತೊಳೆದು ಮೆತ್ತಗಾದ ಹಳೇ ಹಾಸುಬಟ್ಟೆಯಲ್ಲಿ ಹೊಲಿಯುತ್ತೇನೆ. ಕಪಾಟಿನಲ್ಲಿ ಯಾವಾಗಲೂ ಎರಡು ಇರಬೇಕು ಅಂತ ಲೆಕ್ಕ.

ಹತ್ತು ಗಂಟೆಗೆ ಹೆರಿಗೆ ವಾರ್ಡಿನ ನರ್ಸ್ ಬಂದಳು. ನಾವೆಲ್ಲ ಅವಳನ್ನು ಬಿರುಗಾಳಿ ಅನ್ನುತ್ತೇವೆ, ಅವಳು ಬಂದರೆ ಮೇಜಿನ ಮೇಲಿನ ದಾರದುಂಡೆ ಉರುಳಿ ಕೆಳಗೆ ಬೀಳಬೇಕು. ಇವತ್ತು ಮೆಲ್ಲಗೆ ಬಂದಳು. ಅದರಲ್ಲೇ ಗೊತ್ತಾಯಿತು.

"ಅಕ್ಕ, ಒಂದು ಅಂಗಿ ಬೇಕು." ಎರಡು ಅಂಗೈ ಎದುರುಬದುರು ಹಿಡಿದು ಅಳತೆ ತೋರಿಸಿದಳು. ಒಂದು ಗೇಣಿಗಿಂತ ಎರಡು ಬೆರಳು ಜಾಸ್ತಿ. "ಹೊಟ್ಟೆಯಲ್ಲೇ ಹೋಗಿದೆ. ಹನ್ನೊಂದಕ್ಕೆ ಮಗುವಿನ ಅಪ್ಪ ಬಂದು ತಗೊಂಡು ಹೋಗ್ತಾನೆ. ಕಪಾಟಲ್ಲಿ ಇರತ್ತಲ್ಲ?"

ಇರಲಿಲ್ಲ. ಎರಡರದ್ದೂ ಕೊರಳು ಸರಿಯಾಗಿ ಕೂತಿಲ್ಲ ಅಂತ ಸೋಮವಾರ ನಾನೇ ಬಿಚ್ಚಿ ಹಾಕಿದ್ದೆ.

"ಅರ್ಧ ಗಂಟೆ ಕೊಡಿ ಸಿಸ್ಟರ್," ಅಂದೆ.

ಅರ್ಧ ಗಂಟೆಯಲ್ಲಿ ಹೊಲಿದೆ. ಅದು ಸುಳ್ಳಲ್ಲ. ಹತ್ತೂ ಮುವ್ವತ್ತೈದಕ್ಕೆ ಅಂಗಿ ನನ್ನ ಕೈಯಲ್ಲಿತ್ತು. ಎಡತೋಳು ಒಂದು ಎಳೆ ಉದ್ದ ಇತ್ತು. ಒಂದು ಎಳೆ. ಬಿಚ್ಚಿದೆ. ಎಡಗಡೆ ಸರಿಯಾದರೆ ಬಲಗಡೆ ಗಿಡ್ಡ ಅನ್ನಿಸಿತು. ಬಿಚ್ಚಿದೆ. ಆಮೇಲೆ ಕೊರಳಪಟ್ಟಿ. ಆಮೇಲೆ ಮತ್ತೆ ತೋಳು. ಸ್ವಾಮಿಯ ಹತ್ತಿರ ಹೋಗುವ ಮಗು, ಸೊಟ್ಟ ಹೊಲಿಗೆ ಹಾಕಿಕೊಂಡು ಹೋಗಬಾರದು ಅಂತ ಮನಸ್ಸಲ್ಲಿ ಹೇಳಿಕೊಳ್ಳುತ್ತಾ ಇದ್ದೆ. ಬಾಯಿ ತುಂಬ ಜಪ, ಕೈ ತುಂಬ ಕತ್ತರಿ.

ಹನ್ನೊಂದೂ ಮುವ್ವತ್ತಕ್ಕೆ ಮಡಿಚಿ ಮೇಲೆ ತಗೊಂಡು ಹೋದೆ. ಮಗುವನ್ನು ಮಲಗಿಸಿದ್ದ ಮಂಚ ಖಾಲಿ.

"ಇಪ್ಪತ್ತು ನಿಮಿಷ ಅವನನ್ನ ಕಾಯಿಸಿದೆ ಅಕ್ಕ," ಅಂದಳು ಬಿರುಗಾಳಿ. "ಇನ್ನು ಕಾಯಿಸೋಕೆ ನನಗೇ ಬಾಯಿ ಬರಲಿಲ್ಲ. ವಾರ್ಡಿನ ಟವೆಲ್ಲು ಸುತ್ತಿ ಕೊಟ್ಟೆ."

ಆಸ್ಪತ್ರೆಯ ನಂಬರು ಹೊಡೆದ ಟವೆಲ್ಲು. ಆ ಮಗು ಅದರಲ್ಲೇ ಮಣ್ಣಿಗೆ ಹೋಗಿದೆ.

ಅಂಗಿ ಮಾತ್ರ ಒಂದು ಎಳೆಯೂ ಹೆಚ್ಚುಕಮ್ಮಿ ಇಲ್ಲ.

ಮಾರ್ಚ್ 15, ಶನಿವಾರ

ಅಂಗಿಯನ್ನು ಕೋಣೆಯಲ್ಲಿ ಇಟ್ಟು ಬರಲಾಗದೆ ಮನೆಗೆ ತಂದಿದ್ದೆ. ದೊಡ್ಡಮ್ಮ ನನ್ನ ಚೀಲ ತಡವಿ ತೆಗೆದರು. ಏನಾಯಿತು ಅಂತ ಕೇಳಿದರು, ಹೇಳಿದೆ. ಕಿಟಕಿಯ ಹತ್ತಿರ ಕೂತು ಹೊಲಿಗೆ ಉದ್ದಕ್ಕೂ ಬೆರಳು ಓಡಿಸಿದರು, ನಾನು ಏಳು ವರ್ಷದವಳಿದ್ದಾಗಿಂದ ಓಡಿಸುವ ಹಾಗೆ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದ್ದು ಆ ಬೆರಳು. ಹೊಲಿಗೆ ಕಲಿಸಿದ್ದೂ ಅದೇ.

"ಕಂಕುಳಲ್ಲಿ ಗಂಟು ಬಿದ್ದಿದೆ," ಅಂದರು. "ಬಿಚ್ಚು."

"ಯಾರಿಗೆ ಅಂತ ಬಿಚ್ಚಲಿ ದೊಡ್ಡಮ್ಮ? ಮಗು ಹೋಗಿ ಆಯ್ತು."

"ಮಗು ಹೋದ್ರೆ ಕೆಲಸ ಕೆಟ್ಟದಾಗಿರಬೇಕಾ?"

ಬಿಚ್ಚಿದೆ. ಕಂಕುಳು ಬಿಚ್ಚಿದವಳು ನಿಲ್ಲಿಸಲಿಲ್ಲ. ಸಿಟ್ಟೋ ದುಃಖವೋ ಗೊತ್ತಿಲ್ಲ, ಪೂರ್ತಿ ಬಿಚ್ಚಿಬಿಟ್ಟೆ. ಮುಂಭಾಗ, ಹಿಂಭಾಗ, ಎರಡು ತೋಳು, ಕೊರಳಪಟ್ಟಿ. ಐದು ತುಂಡು. ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ.

ಮಾರ್ಚ್ 16, ಭಾನುವಾರ

ಚರ್ಚಿಗೆ, ಭಾನುವಾರದ ಬಲಿಪೂಜೆಗೆ ಹೋದೆ. ಇಷ್ಟು ಪಾಪ ಹೊತ್ತುಕೊಂಡು ಪರಮಪ್ರಸಾದದ ರೊಟ್ಟಿ ತಗೊಳ್ಳಲು ಏಳಲಿಲ್ಲ. ಪಕ್ಕದಲ್ಲಿದ್ದವಳು ಮೊಣಕೈಯಲ್ಲಿ ತಿವಿದಳು, ಕಾಲು ನೋವು ಅಂದೆ. ಚರ್ಚಿನಲ್ಲೇ ಕೂತು ಸುಳ್ಳು.

ಮಾರ್ಚ್ 20, ಗುರುವಾರ

ಕಪಾಟಿಗೆ ಎರಡು ಅಂಗಿ ಬೇಕು. ನಾಲ್ಕು ದಿನದಿಂದ ಒಂದೂ ಆಗಿಲ್ಲ. ಬೇರೆ ಮಗು ಬಂದರೆ? ಕತ್ತರಿಸುತ್ತೇನೆ, ಮಿಷನ್ನಿಗೆ ಇಡುತ್ತೇನೆ, ಕಾಲು ಆಡುವುದಿಲ್ಲ.

ಪಕ್ಕದ ಕೋಣೆಯ ಇಸ್ತ್ರಿ ಮಾಮ ನಡುಗೋಡೆಯ ಗೂಡುಕಿಟಕಿಯಿಂದ ಇಣುಕಿದರು. "ಏನು ತಂಗ್ಯಮ್ಮ, ಮಿಷನ್ ಸದ್ದೇ ಇಲ್ಲ? ನಿನ್ನ ಗಲಾಟೆ ಇಲ್ಲದೆ ನನಗೆ ನಿದ್ದೆ ಬರ್ತಿದೆ, ಡಾಕ್ಟರ ಪ್ಯಾಂಟು ಸುಟ್ಟರೆ ನೀನೇ ಹೊಣೆ."

ನಗಬೇಕು ಅನ್ನಿಸಿತು. ಬರಲಿಲ್ಲ.

ದೇವರೇ, ನಿನ್ನ ಕಣ್ಣಿಗೆ ನನ್ನ ಐವತ್ತು ವರ್ಷವೂ ಹೀಗೇ ಕಾಣುತ್ತಾ, ಉದ್ದಕ್ಕೂ ಗಂಟು?

ಮಾರ್ಚ್ 25, ಮಂಗಳವಾರ

ಕಾಗದ ಬಂತು. ಬಿರುಗಾಳಿ ತಂದುಕೊಟ್ಟಳು. ಆ ತಾಯಿ ತಪಾಸಣೆಗೆ ಬಂದಿದ್ದಳಂತೆ, ಬೆಂಚಿನ ಮೇಲೆ ಕೂತು ಬರೆದು ಕೊಟ್ಟಳಂತೆ. ನೋಟುಪುಸ್ತಕದಿಂದ ಹರಿದ ಹಾಳೆ. ಇಲ್ಲಿ ಇಳಿಸಿಕೊಳ್ಳುತ್ತೇನೆ.

"ಹೊಲಿಗೆ ಕೋಣೆಯ ಅಮ್ಮನವರಿಗೆ. ನಿಮ್ಮ ಹೆಸರು ಗೊತ್ತಿಲ್ಲ. ನನ್ನ ಮಗುವಿಗೆ ನೀವು ಅಂಗಿ ಹೊಲಿದಿದ್ದಿರಿ, ಅಷ್ಟರಲ್ಲಿ ನಮ್ಮವರು ಹೊರಟುಬಿಟ್ಟಿದ್ದರು ಎಂದು ನರ್ಸ್ ಹೇಳಿದರು. ಮಗುವನ್ನು ನೋಡಬೇಡ, ನೋಡಿದರೆ ಮರೆಯೋಕಾಗಲ್ಲ ಎಂದು ಮನೆಯವರು ಹೇಳಿದ್ದರಿಂದ ನಾನು ನೋಡಲಿಲ್ಲ. ಎಷ್ಟು ದೊಡ್ಡದಿತ್ತು ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಆ ಅಂಗಿ ನಿಮ್ಮ ಹತ್ತಿರ ಇದ್ದರೆ ಕೊಡುತ್ತೀರಾ? ಇಲ್ಲದಿದ್ದರೆ ಇಲ್ಲ ಎಂದಾದರೂ ಬರೆಯಿರಿ. ಕಾಯುವುದನ್ನು ಬಿಡುತ್ತೇನೆ."

ಓದಿ ಮುಗಿಸಿದಾಗ ಬಿರುಗಾಳಿ ಇನ್ನೂ ನಿಂತಿದ್ದಳು.

"ಏನು ಹೇಳಲಿ ಅಕ್ಕ ಅವಳಿಗೆ?"

"ಅಂಗಿ ಇಲ್ಲ ಸಿಸ್ಟರ್. ಬಿಚ್ಚಿಬಿಟ್ಟೆ."

ಅವಳು ನನ್ನ ಮುಖ ನೋಡಿದಳು. ಬೈದಿದ್ದರೆ ವಾಸಿ ಇತ್ತು. "ಹಾಗಾದ್ರೆ ಕಳೆದುಹೋಯ್ತು ಅಂತ ಒಂದು ಸಾಲು ಬರೆದುಕೊಡಿ. ದೊಡ್ಡ ಆಸ್ಪತ್ರೆ, ದಿನಾ ಏನಾದ್ರೂ ಕಳೆಯುತ್ತೆ, ಯಾರು ಕೇಳ್ತಾರೆ? ಅವಳು ಮುಂದಿನ ಗುರುವಾರ ಇಲ್ಲಾಂದ್ರೆ ಅದರ ಮುಂದಿನ ಗುರುವಾರ ಬರ್ತಾಳೆ."

ಮಾರ್ಚ್ 26, ಬುಧವಾರ

ಇವತ್ತೂ ಉಪವಾಸ ಹಿಡಿದೆ. ಯಾರೂ ಹೇಳಿದ್ದಲ್ಲ, ನಾನೇ ನನಗೆ ಹಾಕಿಕೊಂಡ ದಂಡ.

ಬೆಳಿಗ್ಗೆ ಹೊಸ ಉಪಾಯ ಹೊಳೆಯಿತು. ಬೇರೆ ಬಟ್ಟೆಯಲ್ಲಿ ಅದೇ ಅಳತೆಗೆ ಹೊಸದು ಹೊಲಿದು ಕೊಟ್ಟರೆ ಯಾರಿಗೆ ಗೊತ್ತಾಗುತ್ತೆ? ಬಟ್ಟೆ ಹರಡಿ ಸೀಮೆಸುಣ್ಣ ಹಿಡಿದೆ. ಗೀಟು ಎಳೆಯುವ ಹೊತ್ತಿಗೆ ಗೊತ್ತಾಯಿತು. ಇದನ್ನು ಅವಳು ಎದೆಗೆ ಒತ್ತಿಕೊಂಡು ಅಳುತ್ತಾಳೆ, ಇದು ಅವಳ ಮಗುವಿಗೆ ಅಂತ ಕತ್ತರಿಸಿದ ಬಟ್ಟೆಯಲ್ಲ. ಸೀಮೆಸುಣ್ಣ ಕೆಳಗಿಟ್ಟೆ.

ಉತ್ತರ ಬರೆಯಲು ಕೂತೆ. ಏಳು ಹಾಳೆ ಹಾಳಾಯಿತು. ಅಕ್ಷರ ಒಂದು ದೊಡ್ಡದು ಒಂದು ಚಿಕ್ಕದು, ನಾನು ಓದಿದ್ದು ಊರ ಸಾಲೆಯಲ್ಲಿ ಏಳನೇವರೆಗೆ.

ದೊಡ್ಡಮ್ಮ ಹಾಳೆ ಹರಿಯುವ ಸದ್ದು ಕೇಳಿ ಅಂದರು: "ನೀನ್ಯಾಕೆ ಬರೀತೀಯ? ತಪ್ಪು ಒಪ್ಪಿಕೊಂಡು ಸಹಿ ಹಾಕಿದ್ರೆ ಕೆಲಸ ಹೋಗುತ್ತೆ. ಬರೆಯೋದು ಓದಿದವರ ಕೆಲಸ."

ಹದಿನೈದು ವರ್ಷದ ಹಿಂದೆ ಹೊಲಿಗೆ ಕೋಣೆಯ ಮೇಲ್ವಿಚಾರಣೆ ನನಗೆ ಕೊಡುತ್ತೇವೆ ಅಂದಾಗಲೂ ದೊಡ್ಡಮ್ಮ ಹೀಗೇ ಅಂದಿದ್ದರು. ಸೂಜಿ ಹಿಡಿಯೋಕೆ ಹುಟ್ಟಿದವಳು ಸೂಜಿ ಹಿಡಿ ಅಂತ. ಬೇಡ ಅಂತ ಹೋಗಿ ಹೇಳಿ ಬಂದಿದ್ದೆ. ಇಷ್ಟು ವರ್ಷ ಅದನ್ನು ದೇವರ ಚಿತ್ತ ಅಂದುಕೊಂಡಿದ್ದೆ. ಇವತ್ತು ಯಾಕೆ ನೆನಪಾಯಿತೋ.

ಮಾರ್ಚ್ 28, ಶುಕ್ರವಾರ

ಉಪವಾಸ. ಪಾಪನಿವೇದನೆಗೆ ಹೋದೆ. ಒಂದೂ ಬಿಟ್ಟುಹೋಗಬಾರದು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ವಯಸ್ಸಾದ ಫಾದರ್, ನೆಗಡಿ ಬೇರೆ. ನಾನು ಓದುತ್ತಾ ಹೋದೆ, ಅವರು ಮೂಗು ಒರೆಸುತ್ತಾ ಕೇಳಿದರು. ಅಂಗಿಯ ವಿಷಯ ಕೊನೆಗೆ ಇಟ್ಟಿದ್ದೆ.

ಮುಗಿದ ಮೇಲೆ ಕೇಳಿದರು: "ಈ ಚೀಟಿ ಎಷ್ಟನೇ ಸಲ ಬರೆದದ್ದಮ್ಮ?"

"ನಾಲ್ಕನೇ ಸಲ ಫಾದರ್. ಮೊದಲಿನವು ನೀಟಾಗಿರಲಿಲ್ಲ."

"ದೇವರಿಗೆ ಮೊದಲನೇದೇ ಸಾಕಿತ್ತು."

ಆಮೇಲೆ ಪಾಪಕ್ಷಮೆ ಕೊಟ್ಟರು. ಪ್ರಾಯಶ್ಚಿತ್ತಕ್ಕೆ ಏನು ಅಂತ ಕೇಳಿದೆ. ನೂರು ಜಪ ಹೇಳಲಿ, ಮೊಣಕಾಲೂರಿ ಹೇಳಲಿ, ಮಾಡುತ್ತೇನೆ ಅಂತ ಕಾಯುತ್ತಿದ್ದೆ. "ಆ ತಾಯಿಗೆ ಇದ್ದದ್ದು ಇದ್ದ ಹಾಗೆ ಉತ್ತರ ಬರೆಯಿರಿ. ಒಂದೇ ಸಲ ಬರೆಯಿರಿ. ತಿದ್ದಬೇಡಿ," ಅಂದರು.

ಇವರಿಗೆ ನೆಗಡಿಯಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ. ಇಷ್ಟು ದೊಡ್ಡ ತಪ್ಪಿಗೆ ಇಷ್ಟೇನಾ? ಹೊರಗೆ ಬಂದು ಬೀದಿಯಲ್ಲಿ ನಿಂತುಕೊಂಡೆ. ಇಷ್ಟು ಸಣ್ಣದನ್ನೇ ಮಾಡಲಾರೆ ಅಂತ ಆಗ ಗೊತ್ತಾಯಿತು. ನೂರು ಜಪ ಆಗಿದ್ದರೆ ಈ ಹೊತ್ತಿಗೆ ಮುಗಿಸಿರುತ್ತಿದ್ದೆ.

ಏಪ್ರಿಲ್ 1, ಮಂಗಳವಾರ

ಬರೆದಿಲ್ಲ.

ಏಪ್ರಿಲ್ 3, ಗುರುವಾರ

ಆ ತಾಯಿ ಬಂದಿದ್ದಳು. ನಾನು ಬಟ್ಟೆಗಂಟುಗಳ ಹಿಂದೆ ಹೋಗಿ ನಿಂತೆ, ಐವತ್ತು ವರ್ಷದ ಹೆಂಗಸು ನಾನು. ಬಿರುಗಾಳಿ ಬಾಗಿಲಲ್ಲಿ ನಿಂತು "ಅಕ್ಕ, ಅಕ್ಕ" ಅಂತ ಎರಡು ಸಲ ಕೂಗಿ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಕಿಟಕಿಯಿಂದ ನೋಡಿದೆ. ಹಳದಿ ಸ್ವೆಟರು ಹಾಕಿದ ಹುಡುಗಿ ಗೇಟಿನ ಕಡೆಗೆ ಹೋಗುತ್ತಿದ್ದಳು. ಅವಳೇ ಇರಬೇಕು. ಅಷ್ಟು ಚಿಕ್ಕವಳು. ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತ ಗೊತ್ತಿಲ್ಲದ ಹಾಗೆ ನಡೆಯುತ್ತಿದ್ದಳು.

ಪ್ರಾರ್ಥನೆಗೆ ಕೂತರೆ ಮೇಲಿಂದ ಒಂದೇ ಮಾತು ಕೇಳಿಸುತ್ತೆ. ಬಿಚ್ಚು.

ಏಪ್ರಿಲ್ 4, ಶುಕ್ರವಾರ

ಉಪವಾಸ ಅಂತ ಬೇರೆ ಬರೆಯಬೇಕಾಗಿಲ್ಲ, ನಿನ್ನೆಯ ಊಟವೇ ಮುಚ್ಚಿಟ್ಟ ಹಾಗೆ ಇದೆ.

ಸಂಜೆ ಚರ್ಚಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ, ಸ್ವಾಮಿ ಶಿಲುಬೆ ಹೊತ್ತು ನಡೆದ ಚಿತ್ರಗಳ ಮುಂದೆ. ಹದಿನಾಲ್ಕು ಚಿತ್ರದ ಮುಂದೆ ಹದಿನಾಲ್ಕು ಸಲ ಮೊಣಕಾಲೂರಿದೆ. ಕೊನೆಯ ಚಿತ್ರದಲ್ಲಿ ಸ್ವಾಮಿಯನ್ನು ಸಮಾಧಿಯಲ್ಲಿ ಇಡುತ್ತಾರೆ. ಸುತ್ತಿದ ಬಟ್ಟೆಯ ಒಂದು ತುದಿ ಜಾರಿ ನೆಲ ಮುಟ್ಟಿದೆ. ಇಪ್ಪತ್ತು ವರ್ಷದಿಂದ ಪ್ರತಿ ಸಲ ಆ ತುದಿ ನೋಡಿ ನನಗೆ ಕೈ ಕಡಿಯುತ್ತೆ, ಎತ್ತಿ ಮಡಿಚಿಬಿಡಬೇಕು ಅಂತ. ಇವತ್ತೂ ಅದನ್ನೇ ನೋಡುತ್ತಿದ್ದೆ.

ಯಾಕೆ ಹಾಗೆ ಜಾರಿದೆ ಅಂದರೆ, ಅವರಿಗೆ ಹೊತ್ತಿರಲಿಲ್ಲ. ಸೂರ್ಯ ಮುಳುಗಿದರೆ ವಿಶ್ರಾಂತಿ ದಿನ, ಯಾವ ಕೆಲಸವನ್ನೂ ಮಾಡುವ ಹಾಗಿಲ್ಲ, ಅದರೊಳಗೆ ಮುಗಿಸಬೇಕಿತ್ತು. ಸಿಕ್ಕಿದ ಬಟ್ಟೆ, ಅವಸರದ ಕೈ. ಸ್ವಾಮಿಯೇ ಹಾಗೆ ಹೋಗಿದ್ದಾನೆ. ಹೆಂಗಸರು ಸುಗಂಧದೆಣ್ಣೆ ಎಲ್ಲ ಸರಿಯಾಗಿ ಸಿದ್ಧ ಮಾಡಿ ತಗೊಂಡು ಬಂದಾಗ ಮೂರನೇ ದಿನ ಬೆಳಿಗ್ಗೆ. ಹಚ್ಚುವುದಕ್ಕೆ ಅಲ್ಲಿ ದೇಹವೇ ಇರಲಿಲ್ಲ. ಅಷ್ಟೂ ದಂಡ. ಆದರೂ ಇಷ್ಟು ತಡ ಯಾಕೆ ಅಂತ ಅವರನ್ನು ಯಾರೂ ಕೇಳಲಿಲ್ಲ. ಸ್ವಾಮಿ ಎದ್ದಿದ್ದಾನೆ ಅನ್ನುವ ಸುದ್ದಿ ಎಲ್ಲರಿಗಿಂತ ಮೊದಲು ಹೇಳಿದ್ದೂ ಅವರಿಗೇ.

ಆ ಎಣ್ಣೆ ಏನಾಯಿತೋ. ಮನೆಗೆ ವಾಪಸ್ ತಗೊಂಡು ಹೋದರೋ, ಅಲ್ಲೇ ಇಟ್ಟು ಓಡಿದರೋ.

ನನಗೂ ಅವರಿಗೂ ಎಲ್ಲಿಯ ಸಾಟಿ. ಅವರಿಗೆ ತಡ ಆಗಿದ್ದು ವಿಶ್ರಾಂತಿ ದಿನ ಅಡ್ಡ ಬಂದದ್ದರಿಂದ. ನನಗೆ ತಡ ಆಗಿದ್ದು ನನ್ನಿಂದ.

ಪಕ್ಕದವಳು ಮತ್ತೆ ತಿವಿದಳು. ಎಲ್ಲರೂ ಎದ್ದಿದ್ದರು, ನಾನೊಬ್ಬಳೇ ಮೊಣಕಾಲಲ್ಲಿದ್ದೆ.

ಏಪ್ರಿಲ್ 7, ಸೋಮವಾರ

ಐದು ತುಂಡು ತಗೊಂಡು ಕೆಲಸಕ್ಕೆ ಹೋದೆ. ಬೆಳಕಿಗೆ ಹಿಡಿದರೆ ಬಟ್ಟೆಯ ಅಂಚೆಲ್ಲ ತೂತು. ಇಸ್ತ್ರಿ ಮಾಮನ ಹತ್ತಿರ ಗೂಡುಕಿಟಕಿಯಿಂದ ಕೊಟ್ಟೆ.

"ನೀರು ಚಿಮುಕಿಸಿ ಒತ್ತಿದ್ರೆ ಸೂಜಿ ತೂತು ಮುಚ್ಚುತ್ತೆ," ಅಂದರು. ಒತ್ತಿದರು. ಕೆಲವು ಮುಚ್ಚಿದವು. ತೋಳಿನ ಸುತ್ತ ಮುಚ್ಚಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರು. "ಇಲ್ಲಿ ಎಳೆಯೇ ಕಡಿದಿದೆಯಲ್ಲ. ಎಷ್ಟು ಸಲ ಬಿಚ್ಚಿದ್ದೀಯ ಮಾರಾಯ್ತಿ?"

"ಆರು."

"ಪಾಪದ ಬಟ್ಟೆ. ನಿನ್ನ ಕೈಗೆ ಸಿಕ್ಕಿದ್ದೇ ಅದರ ಕರ್ಮ." ನಗಿಸಲು ಅಂದದ್ದು. ನಾನು ಅತ್ತುಬಿಟ್ಟೆ. ಮುದುಕನಿಗೆ ಗಾಬರಿ. ಇಸ್ತ್ರಿ ಪೆಟ್ಟಿಗೆ ನಿಲ್ಲಿಸುವುದು ಮರೆತು ಈ ಕಡೆ ಓಡಿ ಬಂದು ಸ್ಟೂಲು ಎಳೆದು ಕೂತರು. ಎಲ್ಲ ಹೇಳಿದೆ. ಕೇಳುತ್ತಾ ತುಂಡುಗಳನ್ನು ಮೊಣಕಾಲ ಮೇಲೆ ಒಂದರ ಪಕ್ಕ ಒಂದು ಜೋಡಿಸಿದರು.

"ಇದನ್ನೇ ಕೂಡಿಸಿ ಹೊಲಿ," ಅಂದರು ಕೊನೆಗೆ.

"ಎಲ್ಲ ಕಾಣುತ್ತೆ ಮಾಮ. ಎಲ್ಲಿ ಬಿಚ್ಚಿದ್ದು, ಎಷ್ಟು ಸಲ ಬಿಚ್ಚಿದ್ದು."

"ಕಾಣ್ಲಿ ಬಿಡು. ಅವಳೇನು ಪರೀಕ್ಷೆ ಮಾಡೋಕೆ ಕೇಳಿದ್ದಾ?"

ಅಷ್ಟರಲ್ಲಿ ಆ ಕಡೆ ಸುಟ್ಟ ವಾಸನೆ ಬಂತು. ದಿಂಬಿನ ಚೀಲ ಒಂದು ಹೋಯಿತು.

ಮಧ್ಯಾಹ್ನ ಕೂತು ಹೊಲಿದೆ, ಮಿಷನ್ನಲ್ಲಲ್ಲ, ಕೈಯಲ್ಲಿ. ಹಳೇ ತೂತಿನಲ್ಲೇ ಸೂಜಿ ಹಾಕಿದೆ. ಎಳೆ ಕಡಿದ ಕಡೆ ಹೊಲಿಗೆ ಆಚೆ ಈಚೆ ಓಡಿದೆ. ಎಡತೋಳು ಒಂದು ಎಳೆ ಉದ್ದವೇ ಬಂತು. ಕತ್ತರಿ ಎತ್ತಿಕೊಂಡೆ. ಕತ್ತರಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಆಮೇಲೆ ಡ್ಯೂಟಿ ಮುಗಿಯುವ ಗಂಟೆ ಹೊಡೆಯಿತು.

ಏಪ್ರಿಲ್ 8, ಮಂಗಳವಾರ

ನಿನ್ನೆ ಮನೆಗೆ ಬಂದ ಕೂಡಲೇ ದೊಡ್ಡಮ್ಮನ ಕೈಗೆ ನಾನಾಗಿಯೇ ಕೊಟ್ಟೆ. ಅಭ್ಯಾಸಬಲ. ಐವತ್ತು ವರ್ಷ ಆದರೂ ಹೊಲಿದದ್ದನ್ನು ಆ ಕೈಗೆ ಕೊಡದಿದ್ದರೆ ಹೊಲಿಗೆ ಮುಗಿಯಿತು ಅನ್ನಿಸುವುದಿಲ್ಲ.

ಬೆರಳು ತೋಳಿನ ಹತ್ತಿರ ನಿಂತಿತು. ಮುಂದೆ ಹೋಗಿ ಮತ್ತೆ ನಿಂತಿತು.

"ಇದೇನಿದು, ಜರಡಿನಾ?" ಅಂದರು. "ಬಿಚ್ಚು."

"ಇಲ್ಲ ದೊಡ್ಡಮ್ಮ."

"ಏನು ಇಲ್ಲ?"

"ಬಿಚ್ಚಲ್ಲ. ಇದು ಇಷ್ಟೇ."

ದೊಡ್ಡಮ್ಮ ಅಂಗಿಯನ್ನು ನನ್ನ ಮಡಿಲಿಗೆ ಎಸೆದರು. "ಹಾಗಾದ್ರೆ ಇದು ನಿನ್ನ ಕೆಲಸ ಅಂತ ಯಾರ ಹತ್ತಿರವೂ ಹೇಳಬೇಡ. ನಾನು ಕಲಿಸಿದ್ದು ಅಂತಂತೂ ಹೇಳಲೇಬೇಡ. ಮಾನ ಹೋಗುತ್ತೆ."

ಊಟ ಬೇಡ ಅಂದರು. ತಟ್ಟೆ ಮುಚ್ಚಿಟ್ಟೆ. ಇವತ್ತು ಬೆಳಿಗ್ಗೆಯೂ ಮಾತಿಲ್ಲ. ಜಡೆ ಹಾಕುವಾಗ ಬೈತಲೆ ಸೊಟ್ಟವೇ ಇತ್ತು, ಏನೂ ಅನ್ನಲಿಲ್ಲ. ಅದು ಹೆಚ್ಚು ಹೆದರಿಕೆ. ಆ ಮುದುಕಿಗೆ ನನ್ನನ್ನು ಬಿಟ್ಟರೆ ಯಾರಿದ್ದಾರೆ, ನನಗೆ ಅವರನ್ನು ಬಿಟ್ಟರೆ ಯಾರಿದ್ದಾರೆ. ಮಾಡಿದ್ದು ಸರಿಯೋ ತಪ್ಪೋ ತಿಳಿಯುತ್ತಿಲ್ಲ. ಸಮಾಧಾನ ಅಂತೂ ಇಲ್ಲ.

ಬಾಗಿಲ ಹತ್ತಿರ ಒರೆಸಿದೆನೋ ಇಲ್ಲವೋ ನೆನಪಿಲ್ಲ.

ಏಪ್ರಿಲ್ 10, ಗುರುವಾರ

ಹೊಲಿಗೆ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ದಿನಚರಿ ಪುಸ್ತಕವನ್ನು ಇಲ್ಲಿಗೆ ತಂದದ್ದು ಇದೇ ಮೊದಲು.

ಬೆಳಿಗ್ಗೆ ಬಿರುಗಾಳಿ ಬಾಗಿಲಲ್ಲಿ ತಲೆ ಹಾಕಿದಳು. "ಅವಳು ಬಂದಿದ್ದಾಳೆ ಅಕ್ಕ. ಇದೇ ಕೊನೆ ತಪಾಸಣೆ, ಡಾಕ್ಟರು ನೋಡಿದ ಮೇಲೆ ಹೋಗಿಬಿಡ್ತಾಳೆ, ಇನ್ನು ಬರೋದಿಲ್ಲ. ನೀವೇ ಬಂದು ಮಾತಾಡ್ತೀರಾ?"

ಆಗಲ್ಲ ಅಂದೆ. ಅವಳ ಮುಖ ನೋಡುವ ಧೈರ್ಯ ನನಗೆ ಇವತ್ತೂ ಇಲ್ಲ. ಇರುವುದನ್ನೇ ಬರೆಯಬೇಕು ತಾನೆ. ಇಲ್ಲ.

ಬಿರುಗಾಳಿ ಹೋದಳು. ಹಾಳೆ ತೆಗೆದು ಕೂತೆ, ಪ್ರಾರ್ಥನೆ ಮಾಡೋಣ ಅಂದರೆ ಒಂದು ಮಾತೂ ಬರಲಿಲ್ಲ. ಮೇಲಿಂದಲೂ ಏನೂ ಕೇಳಿಸಲಿಲ್ಲ. ಬಿಚ್ಚು ಅಂತಲೂ ಇಲ್ಲ. ಸುಮ್ಮನೆ ಇತ್ತು. ಸುಮ್ಮನಿದ್ದದ್ದರಲ್ಲೇ ಬರೆದೆ.

"ಅಮ್ಮಾ, ಅಂಗಿ ಇದೆ, ಕಳಿಸುತ್ತಿದ್ದೇನೆ. ಅವತ್ತು ತಡವಾಗಿದ್ದು ನಿಮ್ಮವರಿಂದ ಅಲ್ಲ. ಅವರು ಕಾದಿದ್ದರು. ನಾನು ಹೊಲಿದದ್ದು ಸರಿಯಿಲ್ಲ ಎಂದು ಬಿಚ್ಚುತ್ತಾ ಕೂತೆ. ಆಮೇಲೆ ಪೂರ್ತಿ ಬಿಚ್ಚಿದೆ. ಈಗ ಅದೇ ಬಟ್ಟೆಯನ್ನು ಕೂಡಿಸಿದ್ದೇನೆ, ತೂತು ಕಾಣುತ್ತದೆ. ಎಡತೋಳು ಉದ್ದ ಇದೆ. ನಿಮ್ಮ ಮಗುವಿನ ಅಳತೆ ಇದೇ, ನರ್ಸ್ ಕೈಯಲ್ಲಿ ತೋರಿಸಿದ್ದು. ಒಂದು ಗೇಣು ಎರಡು ಬೆರಳು. ನಾನು ಮಾಡಿದ್ದನ್ನು ನೀವು ಯಾರಿಗೆ ಬೇಕಾದರೂ ಹೇಳಬಹುದು. ಕ್ಷಮಿಸಿ ಎಂದು ಕೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ."

ಕೆಳಗೆ ನನ್ನ ಹೆಸರು ಬರೆದೆ. ಪೂರ್ತಿ ಹೆಸರು.

ಮತ್ತೆ ಓದಿದೆ. 'ಕಾದಿದ್ದರು' ಅನ್ನುವ ಕಡೆ ಶಾಯಿ ಹರಡಿದೆ. ಸಾಲು ಕೆಳಕ್ಕೆ ಜಾರಿದೆ. ಹೊಸ ಹಾಳೆ ಕೈಗೆ ಬಂದೂ ಆಗಿತ್ತು. ಯಾವಾಗ ಬಂತೋ ಗೊತ್ತಿಲ್ಲ. ಅದನ್ನು ವಾಪಸ್ ಇಟ್ಟು, ಉತ್ತರವನ್ನು ಅಂಗಿಯ ಒಳಗೆ ಮಡಿಚಿಟ್ಟೆ. ಹತ್ತು ಗಂಟೆ ಐವತ್ತು. ಮೇಲಿನ ವಾರ್ಡಿಗೆ ಇಸ್ತ್ರಿ ಬಟ್ಟೆಯ ಗಾಡಿ ಹೋಗುವುದು ಹನ್ನೊಂದೂವರೆಗೆ. ಅಷ್ಟು ಹೊತ್ತು ಇದು ನನ್ನ ಹತ್ತಿರ ಇದ್ದರೆ ಉಳಿಯುವುದಿಲ್ಲ, ನನ್ನನ್ನು ನಾನು ಬಲ್ಲೆ.

ಎದ್ದು ಹೋಗಿ ಗೂಡುಕಿಟಕಿ ಬಡಿದೆ.

"ಮಾಮ, ಪೆಟ್ಟಿಗೆ ಆರಿಸಿ. ಅಂಗಿ, ಅದರೊಳಗೆ ನನ್ನ ಉತ್ತರ, ಇಲ್ಲಿ ಮೇಜಿನ ಮೇಲಿದೆ, ಮೇಲಿನ ವಾರ್ಡಿನಲ್ಲಿರುವ ಆ ಹುಡುಗಿಗೆ ಕೊಡಬೇಕು. ಗಾಡಿ ಹೊರಡುವವರೆಗೆ ಕಾಯಬೇಡಿ. ಈಗಲೇ ಬಂದು ತಗೊಂಡು ಹೋಗಿ."